ತರಗತಿಯಲ್ಲಿ ಫ್ರೆಂಚ್: ಪುಟ್ಟ ಮಕ್ಕಳ ಬಾಯಿ ತೆರೆಸುವುದು ಹೇಗೆ?

ಕೆನಡಾ ದೇಶದ ಟೊರೊಂಟೊ, ಮಿಸಿಸಾಗಾ ಮತ್ತು ಮಾಂಟ್ರಿಯಲ್ ನಗರಗಳಲ್ಲಿ ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಹೋಗಿ ನೆಲೆಸಿದ ಕುಟುಂಬಗಳು ಕಡಿಮೆಯೇನಿಲ್ಲ. ರಜೆಗೆ ಊರಿಗೆ ಬಂದಾಗ ಅವರ ಮಕ್ಕಳು ಅಜ್ಜಿಯ ಬಳಿ ಅಷ್ಟಿಷ್ಟು ಕೊಂಕಣಿ, ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುತ್ತಾರೆ. ಶಾಲೆಯಲ್ಲಿ ಕಲಿಯುವುದು ಮಾತ್ರ ಫ್ರೆಂಚ್. "ಎರಡು ವರ್ಷದಿಂದ ಫ್ರೆಂಚ್ ತರಗತಿಗೆ ಹೋಗುತ್ತಿದೆ ಫಾದರ್, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಿಂದ ಒಂದು ವಾಕ್ಯ ಹೊರಡುವುದಿಲ್ಲ" ಎಂಬುದು ತಂದೆತಾಯಿಯರ ಸಾಮಾನ್ಯ ದೂರು. ಅಜ್ಜಅಜ್ಜಿಯರ ಚಿಂತೆ ಬೇರೆ: ಇಷ್ಟು ಭಾಷೆಗಳ ನಡುವೆ ನಮ್ಮ ಮಾತು ಉಳಿದೀತೇ? ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ. ಧರ್ಮೋಪದೇಶ ತರಗತಿ ನಡೆಸುವ ನಮ್ಮ ಶಿಕ್ಷಕ ಶಿಕ್ಷಕಿಯರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿಗಳಿವೆ.

ಫ್ರೆಂಚ್ ನಮಗೆ ತೀರಾ ಅಪರಿಚಿತ ಭಾಷೆಯೆಂದು ಹೇಳುವಂತೆಯೂ ಇಲ್ಲ. ಮಂಗಳೂರಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಬುನಾದಿ ಹಾಕಿದ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರ ಸಂಸ್ಥೆ ಸ್ಥಾಪನೆಯಾದದ್ದು 1868ರಲ್ಲಿ, ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ. ಅಲ್ಲಿಂದ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು.

ಈಗ ಕೆನಡಾಕ್ಕೆ ಬರೋಣ. ಅಲ್ಲಿ 1969ರ ಕಾಯಿದೆಯ ಪ್ರಕಾರ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಕೇಂದ್ರ ಸರಕಾರದ ಅಧಿಕೃತ ಭಾಷೆಗಳು. ಕ್ವಿಬೆಕ್ ಪ್ರಾಂತ್ಯದಲ್ಲಿ ಬಹುಸಂಖ್ಯಾತರ ಭಾಷೆ ಫ್ರೆಂಚ್. 1977ರ ಫ್ರೆಂಚ್ ಭಾಷಾ ಸನ್ನದು, ಅಂದರೆ ಜನ ಕರೆಯುವಂತೆ 101ನೇ ಕಾಯಿದೆ ಬಂದ ಮೇಲೆ ಅಲ್ಲಿಗೆ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಒಂಟಾರಿಯೊ ಪ್ರಾಂತ್ಯದಲ್ಲಿ ಹಾಗಿಲ್ಲ. ಅಲ್ಲಿನ ಇಂಗ್ಲಿಷ್ ಶಾಲೆಗಳಲ್ಲಿ ಫ್ರೆಂಚ್ ನಾಲ್ಕನೇ ತರಗತಿಯಿಂದ ಎಂಟರವರೆಗೆ ಒಂದು ಕಡ್ಡಾಯ ವಿಷಯ ಮಾತ್ರ. ಆದರೆ ಇಷ್ಟಪಟ್ಟವರಿಗೆ ಇನ್ನೊಂದು ದಾರಿ ಇದೆ: ಫ್ರೆಂಚ್ ಇಮ್ಮರ್ಶನ್. ಸರಕಾರದ ಹಣದಿಂದಲೇ ನಡೆಯುವ ಕಥೋಲಿಕ ಶಾಲಾ ಮಂಡಳಿಗಳಲ್ಲೂ ಈ ವ್ಯವಸ್ಥೆ ಇದೆ.

ಇಮ್ಮರ್ಶನ್ ಎಂದರೆ ಮುಳುಗಿಸುವುದು. (ಜ್ಞಾನಸ್ನಾನದ ಒಂದು ವಿಧಾನಕ್ಕೂ ಇಂಗ್ಲಿಷಿನಲ್ಲಿ ಇದೇ ಶಬ್ದ ಇದೆ. ಮುಳುಗಿಸಿದವರು ಮೇಲೆತ್ತಲೂ ಬೇಕು ಎಂಬುದು ಎರಡು ಕಡೆಗೂ ಅನ್ವಯಿಸುತ್ತದೆ.) ಫ್ರೆಂಚನ್ನು ಒಂದು ವಿಷಯವಾಗಿ ಕಲಿಸುವ ಬದಲು ಗಣಿತ, ಚಿತ್ರಕಲೆ, ಆಟ, ಹಾಡು ಎಲ್ಲವನ್ನೂ ಫ್ರೆಂಚಿನಲ್ಲೇ ಕಲಿಸುವುದು ಇದರ ಕ್ರಮ. ಮನೆಯಲ್ಲಿ ಫ್ರೆಂಚ್ ಇಲ್ಲದ ಮಕ್ಕಳಿಗಾಗಿಯೇ ಇದನ್ನು ರೂಪಿಸಲಾಗಿದೆ. ಇಂದು ಆ ದೇಶದಲ್ಲಿ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಇಂತಹ ತರಗತಿಗಳಲ್ಲಿ ಕಲಿಯುತ್ತಿದ್ದಾರೆ.

ಇದನ್ನು ಆರಂಭಿಸಿದ್ದು ಸರಕಾರವಲ್ಲ, ತಂದೆತಾಯಿಯರು ಎಂಬುದು ಗಮನಿಸಬೇಕಾದ ಸಂಗತಿ. ಮಾಂಟ್ರಿಯಲ್ ನಗರದ ಎದುರು ದಡದಲ್ಲಿ ಸೇಂಟ್ ಲ್ಯಾಂಬರ್ಟ್ ಎಂಬ ಪಟ್ಟಣವಿದೆ. ಆ ಕಾಲದಲ್ಲಿ ಕ್ವಿಬೆಕ್‌ನ ಶಾಲೆಗಳು ಮತದ ಆಧಾರದಲ್ಲಿ ವಿಭಾಗವಾಗಿದ್ದವು. ಕಥೋಲಿಕ ಮಂಡಳಿಗಳ ಶಾಲೆಗಳು ಬಹುಪಾಲು ಫ್ರೆಂಚ್, ಪ್ರೊಟೆಸ್ಟಂಟ್ ಮಂಡಳಿಗಳ ಶಾಲೆಗಳು ಬಹುಪಾಲು ಇಂಗ್ಲಿಷ್. ಈ ಏರ್ಪಾಡು 1998ರವರೆಗೂ ಮುಂದುವರಿಯಿತು. ಒಂದೇ ಬೀದಿಯ ಮಕ್ಕಳು ಎರಡು ಬೇರೆ ಶಾಲೆಗಳಿಗೆ ಹೋಗುತ್ತಿದ್ದರು, ಪರಸ್ಪರ ಮಾತಿಲ್ಲದೆ ಬೆಳೆಯುತ್ತಿದ್ದರು. 1963ರಲ್ಲಿ ಒಲ್ಗಾ ಮೆಲಿಕೋಫ್, ಮ್ಯೂರಿಯಲ್ ಪಾರ್ಕಿನ್, ವ್ಯಾಲೆರಿ ನೀಲ್ ಮೊದಲಾದ ಇಂಗ್ಲಿಷ್ ಮನೆಮಾತಿನ ತಾಯಂದಿರು ಮುಂದಾಳುತನ ವಹಿಸಿ, ತಮ್ಮ ಮಕ್ಕಳಿಗೆ ನಿಜವಾದ ಫ್ರೆಂಚ್ ಬರಬೇಕೆಂದು ಒತ್ತಾಯಿಸತೊಡಗಿದರು. ತಾವು ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ಕಲಿತರೂ ನೆರೆಯವರೊಡನೆ ನಾಲ್ಕು ಮಾತು ಆಡಲಾರೆವು ಎಂಬುದು ಅವರ ಅನುಭವವಾಗಿತ್ತು. ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಪ್ರಸಿದ್ಧ ಮೆದುಳು ಶಸ್ತ್ರತಜ್ಞ ವೈಲ್ಡರ್ ಪೆನ್‌ಫೀಲ್ಡ್ ಅವರ ಬೆಂಬಲಕ್ಕೆ ನಿಂತರು. ಶಾಲಾ ಮಂಡಳಿ ಅರೆಮನಸ್ಸಿನಿಂದಲೇ ಒಪ್ಪಿತು. 1965ರ ಸೆಪ್ಟೆಂಬರಿನಲ್ಲಿ 26 ಮಕ್ಕಳ ಒಂದು ಶಿಶುವಿಹಾರ ತರಗತಿ ಆರಂಭವಾಯಿತು.

ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕ್ಕರ್ ಈ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಪುಸ್ತಕ ಪ್ರಕಟಿಸಿದರು. ಮೊದಲ ತರಗತಿಯಲ್ಲಿ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಸ್ವಲ್ಪ ಹಿಂದಿದ್ದರು. ಇಂಗ್ಲಿಷ್ ಪಾಠ ಸೇರಿಕೊಂಡ ಮೇಲೆ ಆ ಅಂತರ ಮುಚ್ಚಿಹೋಯಿತು. ಗಣಿತದಲ್ಲಿ ನಷ್ಟವಾಗಲಿಲ್ಲ. ಫ್ರೆಂಚ್ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ, ಓದುವುದರಲ್ಲಿ ಬಹಳ ಮುಂದಿದ್ದರು. ಆದರೆ ಮಾತು? ಅಲ್ಲಿ ಫ್ರೆಂಚ್ ಮನೆಯ ಮಕ್ಕಳಿಗಿಂತ ಹಿಂದೆಯೇ ಉಳಿದರು.

ಮುಂದೆ ಬೇರೆ ಕಡೆಗಳ ಇಮ್ಮರ್ಶನ್ ತರಗತಿಗಳಲ್ಲೂ ಇದೇ ಚಿತ್ರ ಕಂಡುಬಂತು. ಟೊರೊಂಟೊದ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಅಲ್ಲಿಯವರೆಗೆ, ಅರ್ಥವಾಗುವ ಭಾಷೆ ಸಾಕಷ್ಟು ಕಿವಿಗೆ ಬಿದ್ದರೆ ಮಾತು ತಾನಾಗಿ ಬರುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಸ್ವೇನ್ ಹೇಳಿದ್ದು: ಕೇಳುವುದು ಬೇಕು, ಆದರೆ ಸಾಲದು. ಕೇಳುವಾಗ ನಾಲ್ಕು ಪದ ತಿಳಿದರೆ ಉಳಿದದ್ದನ್ನು ಸಂದರ್ಭದಿಂದ ಊಹಿಸಬಹುದು. ಮಾತನಾಡುವಾಗ ಊಹೆ ನಡೆಯುವುದಿಲ್ಲ. ಯಾವ ಪದ ಮೊದಲು, ಕ್ರಿಯಾಪದದ ರೂಪ ಯಾವುದು ಎಂದು ಮಗು ತಾನೇ ತೀರ್ಮಾನಿಸಬೇಕು. ತನಗೆ ಏನು ಗೊತ್ತಿಲ್ಲ ಎಂಬುದು ಮಗುವಿಗೆ ತಿಳಿಯುವುದೇ ಆಗ. ಆದ್ದರಿಂದ ತರಗತಿಯಲ್ಲಿ ಮಗುವಿಗೆ ಮಾತನಾಡುವ ಅಗತ್ಯವನ್ನು ಒದಗಿಸಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಅರ್ಧ ಗಂಟೆಯ ಪಾಠ, 25 ಮಕ್ಕಳು. ಟೀಚರ್ ಅರ್ಧ ಸಮಯ ಮಾತನಾಡಿದರೆ ಉಳಿಯುವುದು 15 ನಿಮಿಷ. ಅದನ್ನು ಸಮನಾಗಿ ಹಂಚಿದರೆ ಒಂದೊಂದು ಮಗುವಿಗೆ 36 ಸೆಕೆಂಡ್. ಸಮನಾಗಿ ಹಂಚುವುದೂ ಇಲ್ಲ. ಕೈ ಎತ್ತುವ ನಾಲ್ಕು ಮಕ್ಕಳೇ ಅದನ್ನು ತಿಂದುಬಿಡುತ್ತಾರೆ. ಅದೇ 15 ನಿಮಿಷ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಮಾತನಾಡಿಸಿದರೆ ಒಬ್ಬೊಬ್ಬರಿಗೆ ಏಳು ನಿಮಿಷಕ್ಕೂ ಹೆಚ್ಚು ಸಿಗುತ್ತದೆ. ಗದ್ದಲವಾಗುತ್ತದೆ, ನಿಜ. ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂಬ ನಮ್ಮ ಹಳೆಯ ಅಭ್ಯಾಸ ಭಾಷಾ ಪಾಠಕ್ಕೆ ಸರಿಹೊಂದುವುದಿಲ್ಲ.

ಹಾಗೆಂದು ಮೊದಲ ದಿನವೇ ಮಗುವನ್ನು ಎಬ್ಬಿಸಿ ನಿಲ್ಲಿಸಿ ಮಾತನಾಡಿಸುವುದಿಲ್ಲ. ಶಿಶುವಿಹಾರದಲ್ಲಿ ಟೀಚರ್ ಫ್ರೆಂಚ್ ಮಾತ್ರ ಆಡುತ್ತಾರೆ. ಮಗು ತನಗೆ ಬಂದ ಭಾಷೆಯಲ್ಲಿ ಉತ್ತರಿಸಬಹುದು. ಮಗು ಇಂಗ್ಲಿಷಿನಲ್ಲಿ ನೀರು ಕೇಳಿದರೆ ಟೀಚರ್ ಗದರುವುದಿಲ್ಲ, ಲೋಟ ತೋರಿಸಿ ಅದನ್ನೇ ಫ್ರೆಂಚಿನಲ್ಲಿ ಹೇಳಿ ನೀರು ಕೊಡುತ್ತಾರೆ. ಹೊಸ ಭಾಷೆಗೆ ಬಂದ ಅನೇಕ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಬಾಯಿಯೇ ತೆರೆಯುವುದಿಲ್ಲ. ಇದಕ್ಕೆ ಮೌನದ ಅವಧಿ ಎನ್ನುತ್ತಾರೆ. ಆ ಸಮಯದಲ್ಲಿ ಮಗು ಸುಮ್ಮನೆ ಕುಳಿತಿಲ್ಲ. "ಬಾಗಿಲು ಮುಚ್ಚು", "ಕೆಂಪು ಬಣ್ಣದ ಪೆನ್ಸಿಲ್ ಕೊಡು" ಎಂದರೆ ಮಾಡುತ್ತದೆ. ಮಾತಿಗೆ ಮುನ್ನ ಕೈಕಾಲು ಉತ್ತರ ಕೊಡುತ್ತದೆ. ತೊಟ್ಟಿಲ ಮಗು ಮಾತು ಕಲಿಯುವುದೂ ಹೀಗೆಯೇ ಅಲ್ಲವೇ?

ಮೊದಲ ಮಾತುಗಳು ಹುಟ್ಟುವುದು ದಿನಚರಿಯಿಂದ. ಬೆಳಿಗ್ಗೆ ಬೋಂಝೂರ್, ಹಾಜರಿ, ಇಂದು ಯಾವ ವಾರ, ಹೊರಗೆ ಹಿಮವೋ ಬಿಸಿಲೋ, ತಿಂಡಿಯ ಹೊತ್ತಿಗೆ ಕೈತೊಳೆಯುವ ಸಾಲು. ಇವೇ ವಾಕ್ಯಗಳು ಪ್ರತಿದಿನ, ಅದೇ ಕ್ರಮದಲ್ಲಿ. ಪೂಜೆಯ ಪ್ರತ್ಯುತ್ತರಗಳನ್ನು ಓದಲು ಬಾರದ ಮಗುವೂ ಹೇಳುವುದು ನಮಗೆ ಗೊತ್ತು. ಪ್ರತಿ ಭಾನುವಾರ ಅದೇ ಜಾಗದಲ್ಲಿ ಅದೇ ಮಾತು ಕೇಳಿ ಕೇಳಿ ಅದು ಬಂದಿರುತ್ತದೆ. ವಾಕ್ಯವನ್ನು ಬಿಡಿಸಿ ಅರ್ಥ ಹೇಳಬೇಕಾಗಿಲ್ಲ, ಇಡಿಯಾಗಿ ಬಾಯಿಗೆ ಬರುತ್ತದೆ, ಬಿಡಿಸುವುದು ಆಮೇಲೆ. ಇಮ್ಮರ್ಶನ್ ಮಕ್ಕಳು ಎಲ್ಲರಿಗಿಂತ ಮೊದಲು ಕಲಿಯುವ ಪೂರ್ಣ ವಾಕ್ಯ "ಎಸ್ಕ ಝ ಪ ಅಲೆ ಓ ತ್ವಾಲೆತ್", ಅಂದರೆ "ನಾನು ಶೌಚಾಲಯಕ್ಕೆ ಹೋಗಬಹುದೇ?" ಎಂದು ಕೆನಡಾದವರು ತಮಾಷೆ ಮಾಡುವುದುಂಟು. ತಮಾಷೆಯಲ್ಲೂ ಸತ್ಯವಿದೆ: ನಿಜವಾದ ಅಗತ್ಯವಿರುವ ವಾಕ್ಯ ಬೇಗ ಬರುತ್ತದೆ!

ಹಾಡು ಮತ್ತು ಕಥೆ ಎರಡನೆಯ ಸಾಧನ. ಹಾಡಿನಲ್ಲಿ ಒಬ್ಬೊಬ್ಬರ ದನಿ ಬೇರೆಯಾಗಿ ಕೇಳಿಸದ ಕಾರಣ ನಾಚಿಕೆಯ ಮಗುವೂ ಬಾಯಿ ತೆರೆಯುತ್ತದೆ. ಎಲ್ಲರಿಗೂ ಗೊತ್ತಿರುವ ಫ್ರೆರ್ ಝಾಕ್ ಹಾಡು, ಬೆಳಗಿನ ಪ್ರಾರ್ಥನೆಯ ಗಂಟೆಗೆ ಏಳದೆ ಮಲಗಿರುವ ಒಬ್ಬ ಮಠವಾಸಿಯನ್ನು ಎಬ್ಬಿಸುವ ಹಾಡು. (ಗುರುಮಠದಲ್ಲಿ ಕಲಿತವರಿಗೆ ಆ ಸಹೋದರನ ಪಾಡು ಚೆನ್ನಾಗಿ ಅರ್ಥವಾಗುತ್ತದೆ.) ಕಥೆಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವಂತಹದ್ದನ್ನು ಆರಿಸುತ್ತಾರೆ, ಮೂರನೆಯ ಸಲ ಟೀಚರ್ ನಿಲ್ಲಿಸಿದರೆ ಮಕ್ಕಳೇ ಆ ಮಾತನ್ನು ಪೂರ್ತಿಗೊಳಿಸುತ್ತಾರೆ. ಇನ್ನು ಕೈಗೊಂಬೆ. "ಈ ಗೊಂಬೆಗೆ ಫ್ರೆಂಚ್ ಮಾತ್ರ ಗೊತ್ತು" ಎಂದು ಹೇಳಿದರೆ ಐದು ವರ್ಷದ ಮಗು ಅದನ್ನು ನಂಬಿ ಗೊಂಬೆಯೊಡನೆ ಫ್ರೆಂಚ್ ಮಾತಾಡುತ್ತದೆ. ಟೀಚರಿಗೆ ಇಂಗ್ಲಿಷ್ ಬರುತ್ತದೆಂಬುದನ್ನು ಮಗು ಎಂದೋ ಕಂಡುಹಿಡಿದಿರುತ್ತದೆ, ಆದರೆ ಗೊಂಬೆಯ ವಿಷಯ ಬೇರೆ.

ಪ್ರಶ್ನೆ ಕೇಳುವುದಕ್ಕೂ ಮೆಟ್ಟಿಲುಗಳಿವೆ. ಮೊದಲು ಹೌದು ಅಥವಾ ಇಲ್ಲ ಎಂದರೆ ಸಾಕಾಗುವ ಪ್ರಶ್ನೆ: ಇದು ಬೆಕ್ಕೇ? ಆಮೇಲೆ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ: ಬೆಕ್ಕೋ ನಾಯಿಯೋ? ಉತ್ತರಕ್ಕೆ ಬೇಕಾದ ಪದ ಪ್ರಶ್ನೆಯಲ್ಲೇ ಇರುವುದರಿಂದ ಮಗುವಿಗೆ ಅವಮಾನದ ಭಯವಿಲ್ಲ. ಆಮೇಲೆ ಇದು ಏನು, ಕೊನೆಗೆ ಏಕೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದು ಇನ್ನೂ ಮುಖ್ಯ. ಅಮೆರಿಕದ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ತೋರಿಸಿದರು. ತಾಯಿನುಡಿಯಲ್ಲೇ ಹೀಗಾದರೆ, ಪದಗಳನ್ನು ಹುಡುಕಿ ಜೋಡಿಸಬೇಕಾದ ಪರಭಾಷೆಯಲ್ಲಿ ಇನ್ನೆಷ್ಟು ಕಾಯಬೇಕು! ನಮ್ಮ ಧರ್ಮೋಪದೇಶ ತರಗತಿಗಳಲ್ಲೂ ಪ್ರಶ್ನೆ ಕೇಳಿ, ಉತ್ತರವನ್ನೂ ನಾವೇ ಹೇಳಿ ಮುಗಿಸುವ ಆತುರ ಕಡಿಮೆಯೇನಿಲ್ಲ.

ಮಗು ಮಾತನಾಡಿತು, ಆದರೆ ತಪ್ಪಾಗಿ ಮಾತನಾಡಿತು. ಆಗ ಏನು ಮಾಡಬೇಕು? ಫ್ರೆಂಚಿನಲ್ಲಿ ವಯಸ್ಸು ಹೇಳುವಾಗ "ನನ್ನ ಬಳಿ ಆರು ವರ್ಷಗಳಿವೆ" ಎಂಬಂತೆ "ಝೆ ಸಿಝಾಂ" ಎನ್ನಬೇಕು. ಇಂಗ್ಲಿಷ್ ಕಿವಿಯ ಮಗು "ನಾನು ಆರು ವರ್ಷ ಆಗಿದ್ದೇನೆ" ಎಂಬ ಅಚ್ಚಿನಲ್ಲಿ "ಝ ಸ್ವೀ ಸಿಝಾಂ" ಎನ್ನುತ್ತದೆ. ಪುಟ್ಟ ಮಗುವಾದರೆ ಟೀಚರ್ ನಗುತ್ತಾ ಸರಿಯಾದ ರೂಪವನ್ನು ತಾನೇ ಹೇಳಿ ಮುಂದೆ ಹೋಗುತ್ತಾರೆ. ಮಾಂಟ್ರಿಯಲ್‌ನ ರಾಯ್ ಲೈಸ್ಟರ್ ಮತ್ತು ಲೈಲಾ ರಾಂತಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಲ್ಪ ದೊಡ್ಡ ಮಕ್ಕಳ ಇಮ್ಮರ್ಶನ್ ತರಗತಿಗಳದ್ದು. ಶಿಕ್ಷಕರ ತಿದ್ದುಪಡಿಗಳಲ್ಲಿ ಶೇ. 55 ಹೀಗೆ ಸರಿ ರೂಪವನ್ನು ತಾವೇ ಹೇಳಿಬಿಡುವಂಥವು. ಆದರೆ ಅವುಗಳಲ್ಲಿ ಶೇ. 31ಕ್ಕೆ ಮಾತ್ರ ಮಕ್ಕಳಿಂದ ಏನಾದರೂ ಪ್ರತಿಕ್ರಿಯೆ ಬಂತು. ಉಳಿದ ಮಕ್ಕಳು ಟೀಚರ್ ತಮ್ಮ ಮಾತನ್ನು ಒಪ್ಪಿಕೊಂಡರೆಂದೇ ಭಾವಿಸಿರಬೇಕು. ಅದರ ಬದಲು ಟೀಚರ್ ವಾಕ್ಯವನ್ನು ಅರ್ಧ ಹೇಳಿ ನಿಲ್ಲಿಸಿದಾಗ ಅಥವಾ "ಇದನ್ನು ಹೇಗೆ ಹೇಳುತ್ತೇವೆ?" ಎಂದು ಕೇಳಿದಾಗ ಪ್ರತಿ ಸಲವೂ ಮಕ್ಕಳು ಪ್ರತಿಕ್ರಿಯಿಸಿದರು. ಏಳೆಂಟು ವರ್ಷ ದಾಟಿದ ಮಗುವಿಗೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಕೊಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿ ತಪ್ಪಿಗೂ ತಡೆದರೆ ಮಾತ್ರ ಮಾತೇ ನಿಂತುಹೋಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಆ ದಿನದ ಪಾಠದ ಗುರಿಯನ್ನು ಅವಲಂಬಿಸಿದೆ.

ಇನ್ನೊಂದು ಸಮಸ್ಯೆ ನನಗೆ ಬಹಳ ಕುತೂಹಲಕರವಾಗಿ ಕಂಡಿದೆ. ಸಣ್ಣ ತರಗತಿಯಲ್ಲಿ ಉತ್ಸಾಹದಿಂದ ಫ್ರೆಂಚ್ ಆಡಿದ ಮಕ್ಕಳೇ ಐದು, ಆರನೇ ತರಗತಿಗೆ ಬಂದಾಗ ಟೀಚರ್ ಬೆನ್ನು ತಿರುಗಿಸಿದೊಡನೆ ಇಂಗ್ಲಿಷಿಗೆ ಜಾರುತ್ತಾರೆ. ಎಲೇನ್ ಟರೋನ್ ಮತ್ತು ಸ್ವೇನ್ 1995ರಲ್ಲಿ ಇದನ್ನು ವಿವರಿಸಿದರು. ಶಾಲೆ ಮಕ್ಕಳಿಗೆ ಕಲಿಸುವುದು ಪಾಠದ ಫ್ರೆಂಚ್: ತ್ರಿಕೋನ, ಮೋಡ, ಪ್ರಾಂತ್ಯದ ರಾಜಧಾನಿ. ಆದರೆ ಮಕ್ಕಳು ಪರಸ್ಪರ ಆಡುವುದು ಬೇರೆಯೇ ಭಾಷೆ: "ಈಗ ನನ್ನ ಸರದಿ", "ನೀನು ಮೋಸ ಮಾಡಿದೆ", "ಬಿಡೋ", "ಏನು ಮಜಾ!" ಇದಕ್ಕೆ ಫ್ರೆಂಚ್ ಪದಗಳನ್ನು ಅವರಿಗೆ ಯಾರೂ ಕಲಿಸಿಲ್ಲ. ಸುತ್ತ ಫ್ರೆಂಚ್ ಮಕ್ಕಳಿಲ್ಲದ ಊರಿನಲ್ಲಿ ಕಲಿಯುವುದಾದರೂ ಎಲ್ಲಿಂದ? ಆದ್ದರಿಂದ ಜಾಣ ಶಿಕ್ಷಕರು "ಸೆ ಮೋಂ ತೂರ್" (ನನ್ನ ಸರದಿ), "ತ್ಯು ತ್ರಿಶ್" (ಮೋಸ ಮಾಡುತ್ತೀ) ಎಂಬ ಆಟದ ಮಾತುಗಳನ್ನೂ ಕಲಿಸುತ್ತಾರೆ. ಜಗಳಕ್ಕೆ ಭಾಷೆ ಕಲಿಸುವುದು ಶಿಕ್ಷಣವೇ ಎಂದು ಕೆಲವರು ಕೇಳಿಯಾರು. ಮಕ್ಕಳಿಗೆ ಜಗಳ ಮಾಡಲು ಬಾರದ ಭಾಷೆಯಲ್ಲಿ ಗೆಳೆತನ ಮಾಡಲೂ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರೋತ್ಸಾಹದ ಹೆಸರಿನಲ್ಲಿ ಬಲವಂತ ನುಸುಳುವ ಅಪಾಯವನ್ನೂ ಹೇಳಬೇಕು. ಫ್ರೆಂಚ್ ಆಡಿದರೆ ಸ್ಟಿಕ್ಕರ್, ಇಂಗ್ಲಿಷ್ ಆಡಿದರೆ ಸ್ಟಿಕ್ಕರ್ ವಾಪಸ್ ಎಂಬ ಪದ್ಧತಿ ಹಲವೆಡೆ ಇದೆ. ಕೊಡುವುದರಲ್ಲಿ ದೋಷವಿಲ್ಲ, ಕಿತ್ತುಕೊಳ್ಳುವುದರಲ್ಲಿದೆ. ಇದರ ಕಹಿ ಚರಿತ್ರೆ ಫ್ರಾನ್ಸಿನಲ್ಲೇ ಇದೆ. 19ನೇ ಶತಮಾನದಲ್ಲಿ ಹಾಗೂ 20ನೇ ಶತಮಾನದ ಮೊದಲ ಭಾಗದಲ್ಲಿ ಬ್ರಿಟನಿ ಪ್ರಾಂತ್ಯದ ಶಾಲೆಗಳಲ್ಲಿ, ಬ್ರೆಟನ್ ಭಾಷೆ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದರಕ್ಷೆಯಂತಹ ವಸ್ತುವನ್ನು ತೂಗುಹಾಕುತ್ತಿದ್ದರು. ಅದನ್ನು ಕಳಚಬೇಕಾದರೆ ಬ್ರೆಟನ್ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ದಿನದ ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಫ್ರಾನ್ಸಿನ ದಕ್ಷಿಣದ ಒಕ್ಸಿಟಾನ್ ಮಕ್ಕಳಿಗೂ ಇದೇ ಗತಿ. ಅಮೆರಿಕದ ಲೂಸಿಯಾನಾದಲ್ಲಿ ಇದು ತಿರುಗುಮುರುಗಾಯಿತು. ಅಲ್ಲಿ 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಮಾತ್ರ ಉಳಿಸಿದ ಮೇಲೆ, ಮನೆಯಲ್ಲಿ ಫ್ರೆಂಚ್ ಆಡುವ ಮಕ್ಕಳು ಫ್ರೆಂಚ್ ಆಡಿದ್ದಕ್ಕಾಗಿ ಪೆಟ್ಟು ತಿಂದರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಫ್ರೆಂಚ್ ಕಲಿಸಲೇ ಇಲ್ಲ. 1968ರಲ್ಲಿ ಲೂಸಿಯಾನಾ ಸರಕಾರ ಫ್ರೆಂಚ್ ಉಳಿಸಲು ಮಂಡಳಿ ಸ್ಥಾಪಿಸಿ, ಶಿಕ್ಷಕರನ್ನು ಹೊರದೇಶಗಳಿಂದ ಕರೆಸಬೇಕಾಯಿತು. ನಮ್ಮಲ್ಲಿಯೂ ಕೊಂಕಣಿ, ತುಳು, ಕನ್ನಡ ಆಡಿದ್ದಕ್ಕೆ ದಂಡ ಕಟ್ಟಿಸಿಕೊಳ್ಳುವ ಆಂಗ್ಲ ಮಾಧ್ಯಮ ಶಾಲೆಗಳಿದ್ದವು ಎಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ.

ಈಗ ಅಜ್ಜಅಜ್ಜಿಯರ ಪ್ರಶ್ನೆ. ಟೊರೊಂಟೊದ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಹೇಳಿಕೊಂಡು ಬಂದಿರುವುದು, ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದು ಭಾಷೆಗೆ ಆಧಾರವಾಗುತ್ತದೆ ಎಂದು. ಆದ್ದರಿಂದ ಮಗು ಫ್ರೆಂಚ್ ಕಲಿಯಲೆಂದು ಮನೆಯಲ್ಲಿ ಕೊಂಕಣಿಯನ್ನು ನಿಲ್ಲಿಸುವುದು ಅನಗತ್ಯ. ತಾಯಿಗೆ ಬಾರದ ಫ್ರೆಂಚನ್ನು ತಾಯಿ ಆಡಲು ಹೊರಡುವುದಕ್ಕಿಂತ, ಬರುವ ಕೊಂಕಣಿಯಲ್ಲಿ ಕಥೆ ಹೇಳುವುದು ಮೇಲು. ಕೊಂಕಣಿ ಮನೆಯ ಮಗುವಿಗೆ ಫ್ರೆಂಚಿನಲ್ಲಿ ಕೆಲವು ಅನುಕೂಲಗಳೂ ಇವೆ. ಕೊಂಕಣಿಯ 'ತುಂ' ಮತ್ತು ಫ್ರೆಂಚಿನ 'ತ್ಯು' ಒಂದೇ ಪುರಾತನ ಬೇರಿನ ಚಿಗುರುಗಳು. ದೊಡ್ಡವರಿಗೆ 'ತುಮಿಂ' ಎನ್ನಬೇಕೆಂದು ಅಜ್ಜಿಯಿಂದ ಕಲಿತ ಮಗುವಿಗೆ ಟೀಚರಿಗೆ 'ವೂ' ಎನ್ನಬೇಕೆಂಬುದು ಹೊಸತಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಇಮ್ಮರ್ಶನ್ ಮಕ್ಕಳು ಎಲ್ಲರಿಗೂ 'ತ್ಯು' ಎಂದೇ ಹೇಳಿಬಿಡುತ್ತಾರೆ. ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣು ಎಂಬ ಭೇದ ಫ್ರೆಂಚಿನಲ್ಲಿದೆ; ಕನ್ನಡದಲ್ಲಿ ಅದಿಲ್ಲ, ಆದರೆ ಕೊಂಕಣಿಯಲ್ಲಿ 'ರೂಕ್' ಗಂಡು, 'ವಾಟ್' ಹೆಣ್ಣು, 'ಘರ್' ನಪುಂಸಕ. ಮೂಗಿನಿಂದ ಬರುವ ಸ್ವರಗಳಂತೂ ಕೊಂಕಣಿಯವರಿಗೆ ಹುಟ್ಟಿನಿಂದಲೇ ಬಂದಿವೆ.

ಮನೆಗೆ ಬಂದ ಮಾವನೋ ಚಿಕ್ಕಮ್ಮನೋ "ಎಲ್ಲಿ, ಒಂದು ಫ್ರೆಂಚ್ ಮಾತಾಡು ನೋಡೋಣ" ಎಂದು ಮಗುವನ್ನು ನಡುಮನೆಯಲ್ಲಿ ನಿಲ್ಲಿಸುವುದು ಮಾತ್ರ ಬೇಡ. ಉತ್ತರ ತಿಳಿಯದವರ ಮುಂದೆ ಮಾತನಾಡಲು ಮಗುವಿಗೆ ಕಾರಣವೇ ಇಲ್ಲ. ಅದರ ಬದಲು "ಅಜ್ಜಿಗೆ ಒಂದರಿಂದ ಹತ್ತು ಎಣಿಸಲು ಕಲಿಸು" ಎಂದು ಹೇಳಿ ನೋಡಿ. ಅಜ್ಜಿಯ ಉಚ್ಚಾರಣೆ ತಪ್ಪಿದಾಗ ತಿದ್ದಲಿಕ್ಕಾದರೂ ಬಾಯಿ ತೆರೆಯುತ್ತದೆ.

ಆರು ತಿಂಗಳಾದರೂ ಮಗು ಫ್ರೆಂಚಿನಲ್ಲಿ ಮೌನವಾಗಿದ್ದು, ಮನೆಯಲ್ಲಿ ಕೊಂಕಣಿಯನ್ನೋ ಇಂಗ್ಲಿಷನ್ನೋ ಲವಲವಿಕೆಯಿಂದ ಆಡುತ್ತಿದ್ದರೆ ಗಾಬರಿಯಾಗಬೇಕಿಲ್ಲ. ಮನೆಯ ಭಾಷೆಯಲ್ಲೂ ಮಾತು ವಯಸ್ಸಿಗೆ ತಕ್ಕಂತೆ ಬಂದಿಲ್ಲ, ಕರೆದರೆ ತಿರುಗುವುದಿಲ್ಲ ಎಂದಾದರೆ ವಿಷಯ ಬೇರೆ. ಆಗ ಫ್ರೆಂಚನ್ನು ದೂರುತ್ತಾ ಕೂರದೆ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರನ್ನು ಕಾಣಬೇಕು. ಶಾಲೆಯ ಪಾಲಕರ ಸಭೆಗೆ ಹೋದಾಗಲೂ "ನನ್ನ ಮಗು ಫ್ರೆಂಚ್ ಮಾತಾಡುತ್ತದೆಯೇ?" ಎಂದು ಕೇಳಿ ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆದು ಬರುವುದಕ್ಕಿಂತ, ತರಗತಿಯಲ್ಲಿ ಅದು ಯಾರೊಂದಿಗೆ ಮಾತಾಡುತ್ತದೆ, ಯಾವ ಹೊತ್ತಿನಲ್ಲಿ, ಏನನ್ನು ಕೇಳಲು ಎಂದು ವಿಚಾರಿಸಿದರೆ ಟೀಚರಿಗೂ ಹೇಳಲು ಏನಾದರೂ ಇರುತ್ತದೆ.